ಕರಾರಿನ ಆರನೇ ಕಲಮು

ಊಟದ ಸಲಹೆಗೆ ಬರುವವರಿಂದ ಕರಾರು ಪತ್ರ ಬರೆಸಿಕೊಳ್ಳುವುದನ್ನು ನಾನು ಶುರು ಮಾಡಿದ್ದು ಸಿಟ್ಟಿನಿಂದ. ಬೇರೆ ದೊಡ್ಡ ಕಾರಣವೇನೂ ಇರಲಿಲ್ಲ. ಮಾಲೂರಿನ ಒಬ್ಬ ನಿವೃತ್ತ ಮೇಷ್ಟ್ರು ಸಕ್ಕರೆ ಕಾಯಿಲೆಗೆ ನಾನು ಹೇಳಿದ ಪಥ್ಯ ಬಿಟ್ಟು ದಿನಾ ಎರಡು ಲೋಟ ಜೇನುತುಪ್ಪದ ನೀರು ಕುಡಿದರು. ಮೂರು ದಿನ ಮಲಗಿ ಎದ್ದವರೇ "ಆಯಮ್ಮನೇ ಹೇಳಿದ್ದು" ಎಂದು ಊರೆಲ್ಲ ಸಾರಿದರು. ಮುಳಬಾಗಿಲಿನಲ್ಲಿ ಒಬ್ಬಾಕೆ ನಾನು ಮುದ್ದೆ ಬಿಡಿಸಿ ತನ್ನ ಗಂಡನನ್ನು ನಿತ್ರಾಣ ಮಾಡಿದೆನೆಂದು ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿಕೊಂಡು ಬೈದಳು. ಮುದ್ದೆ ಬಿಡಿ ಎಂದು ನಾನು ಯಾರಿಗೂ ಹೇಳಿದವಳಲ್ಲ, ಅಳತೆ ಮಾಡಿ ತಿನ್ನಿ ಎಂದವಳು. ಆದರೆ ಬಾಯಿಮಾತಿಗೆ ಸಾಕ್ಷಿಯನ್ನು ಎಲ್ಲಿಂದ ತರಲಿ?

ಆಗ ಎಂಬತ್ತರ ದಶಕ ಹೊಸದು. ಕೋಲಾರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಒಂದು ಮೇಜು, ಒಂದು ತಕ್ಕಡಿ, ಒಂದು ಸ್ಪಿರಿಟ್ ದೀಪ ಇಟ್ಟುಕೊಂಡು ಕೂತಿದ್ದೆ. ವಾರಕ್ಕೊಂದು ದಿನ ಮಾಲೂರು, ಒಂದು ದಿನ ಮುಳಬಾಗಿಲು, ಗುರುವಾರ ಶ್ರೀನಿವಾಸಪುರ. ಆ ಊರುಗಳಲ್ಲಿ ಡಾಕ್ಟರುಗಳು ತಮ್ಮ ಶಾಪಿನ, ಅಂದರೆ ದವಾಖಾನೆಯ, ಮೂಲೆಯಲ್ಲಿ ನನಗೊಂದು ಬೆಂಚು ಕೊಟ್ಟಿದ್ದರು. "ಉಣ್ಣೋದು ಹೇಳ್ಕೊಡೋಕೂ ಒಬ್ರು ಬೇಕಾ?" ಎಂದು ಬೆಂಚಿನ ಮುಂದೆಯೇ ನಕ್ಕವರೂ ಇದ್ದರು. ನನಗೂ ನಾಲಗೆ ಇತ್ತು, ಸುಮ್ಮನೆ ಕೂರುತ್ತಿರಲಿಲ್ಲ.

ಕರಾರನ್ನು ಬರೆದುಕೊಟ್ಟವರು ಕೋಲಾರದ ತಾಲೂಕು ಕಚೇರಿ ಎದುರಿನ ಹೊಂಗೆಮರದ ಕೆಳಗೆ ಕೂರುತ್ತಿದ್ದ ಪತ್ರ ಬರಹಗಾರರು. ಜಮೀನಿನ ಕ್ರಯಪತ್ರ, ಭೋಗ್ಯಪತ್ರ ಬರೆದು ಬರೆದು ಅವರ ಕೈ ಬೇರೆ ದಾರಿಯನ್ನೇ ಮರೆತಿತ್ತು.

"ಊಟಕ್ಕೂ ಕರಾರಾ ಮೇಡಂ? ಚಕ್ಕುಬಂದಿ ಏನಂತ ಹಾಕ್ಲಿ? ಪೂರ್ವಕ್ಕೆ ಮುದ್ದೆ, ಪಶ್ಚಿಮಕ್ಕೆ ಸಾರು?" ಎಂದು ನಕ್ಕರು.

"ನೀವು ಬರೀರಿ, ನಗೋದು ಆಮೇಲೆ" ಎಂದೆ.

ಬರೆದರು. "ಯಾರ ಬಲವಂತವೂ ಇಲ್ಲದೆ, ಸ್ವಸ್ಥಚಿತ್ತದಿಂದ ಬರೆದುಕೊಟ್ಟ ಕರಾರು ಪತ್ರ" ಎಂದು ಶುರುವಾಗುತ್ತಿತ್ತು. ನಾನು ಹೇಳಿದ ಆಹಾರ, ಅದರ ತೂಕ, ವಾರಕ್ಕೊಮ್ಮೆ ಪರೀಕ್ಷೆಗೆ ಬರುವುದು, ಡಾಕ್ಟರ ಮಾತ್ರೆ ನಿಲ್ಲಿಸದಿರುವುದು, ಪಥ್ಯ ತಪ್ಪಿದರೆ ನಾನು ಲಿಖಿತ ನೋಟೀಸು ಕೊಡುವುದು, ಹೀಗೆ ಐದು ಕಲಮು. ಆರನೆಯದು ನನ್ನದೇ ತಲೆಯಿಂದ ಹುಟ್ಟಿದ್ದು. ರೋಗಿ ತಾನೇ ಅಡುಗೆ ಮಾಡುವುದಿಲ್ಲವಲ್ಲ, ಆದ್ದರಿಂದ: "ಮನೆಯಲ್ಲಿ ಅಡುಗೆ ಮಾಡುವವರ ಹೆಸರನ್ನು ಇಲ್ಲಿ ಬರೆಯತಕ್ಕದ್ದು. ಪಥ್ಯದ ಅಡುಗೆಗೆ ಅವರೇ ಹೊಣೆ." ಕೆಳಗೆ ಎರಡು ಸಹಿ, ರೋಗಿಯದು ಮತ್ತು ನನ್ನದು. ಹೊಣೆ ಹೊತ್ತವಳ ಸಹಿಗೆ ಜಾಗವೇ ಇರಲಿಲ್ಲ. ಆಗ ಅದು ನನಗೆ ಕೊರತೆಯಾಗಿ ಕಾಣಲೂ ಇಲ್ಲ.

ಆ ವರ್ಷ ಯುಗಾದಿ ಕಳೆದ ವಾರ ಶ್ರೀನಿವಾಸಪುರದ ಡಾಕ್ಟರು ಒಬ್ಬ ಮಾವಿನ ಮಂಡಿ ಸಾಹುಕಾರರನ್ನು ನನ್ನ ಬೆಂಚಿಗೆ ಕಳಿಸಿದರು. ಅರವತ್ತರ ಹತ್ತಿರದ ವಯಸ್ಸು, ಎಡಗಾಲಿನ ಹೆಬ್ಬೆರಳಿನಲ್ಲಿ ಮಾಯದ ಹುಣ್ಣು. "ಸಕ್ಕರೆ ಇಳಿಯದಿದ್ದರೆ ಬೆರಳು ತೆಗೀಬೇಕಾಗುತ್ತೆ" ಎಂದು ಡಾಕ್ಟರು ಅವರ ಎದುರಿಗೇ ಹೇಳಿದರು. ಸಾಹುಕಾರರು ಕರಾರನ್ನು ಎರಡು ಸಲ ಓದಿದರು. ಛಾಪಾ ಕಾಗದ ಅಲ್ಲ ಎಂದು ಬೆಳಕಿಗೆ ಹಿಡಿದು ನೋಡಿ ಖಾತ್ರಿ ಮಾಡಿಕೊಂಡರು. ಆರನೇ ಕಲಮಿನಲ್ಲಿ ಸೊಸೆಯ ಹೆಸರು ಬರೆದು ಸಹಿ ಹಾಕಿದರು.

ಮರುವಾರ ಅವರ ಮನೆಗೆ ಹೋದೆ. ಸಾಹುಕಾರರ ಹೆಂಡತಿ ತೀರಿಕೊಂಡಿದ್ದರು, ಒಬ್ಬನೇ ಮಗನೂ ಹೋಗಿ ಮೂರು ವರ್ಷವಾಗಿತ್ತು. ಮನೆಯ ಬೀಗದ ಕೈ ಇದ್ದದ್ದು ಅವರ ಅಕ್ಕನ ಸೊಂಟದಲ್ಲಿ. ಅಡುಗೆಮನೆ ಮಾತ್ರ ಸೊಸೆಯದು. ಬೈರಕೂರಿನ ತೋಟದ ಮನೆಯ ಹೆಣ್ಣುಮಗಳು, ಎಸ್ಸೆಸ್ಸೆಲ್ಸಿ ಓದಿದ್ದಳು, ಮೂರನೇ ಕ್ಲಾಸಿಗೆ ಹೋಗುವ ಒಬ್ಬಳು ಮಗಳಿದ್ದಳು. ಗಂಡ ಸತ್ತ ಮೇಲೆ ಆ ಮನೆಯಲ್ಲಿ ಆಕೆಗಿದ್ದ ಸ್ಥಾನವೆಲ್ಲ ಆ ಒಲೆಯ ಮುಂದಿನ ಜಾಗ ಎಂದು ನೋಡಿದ ತಕ್ಷಣ ಗೊತ್ತಾಗುತ್ತಿತ್ತು.

ಕೆಲಸದಲ್ಲಿ ಚುರುಕು. ಮುದ್ದೆಯನ್ನು ನನ್ನ ತಕ್ಕಡಿಯಲ್ಲಿ ತೂಗಿ, ಅದೇ ಅಳತೆಗೆ ಸರಿಹೊಂದುವ ಒಂದು ಹಿತ್ತಾಳೆ ಬಟ್ಟಲು ಹುಡುಕಿ, ಅದನ್ನು ಮಾವನ ಮುದ್ದೆಗೆಂದೇ ಎತ್ತಿಟ್ಟಳು. ಮೂತ್ರದ ಪರೀಕ್ಷೆಯನ್ನೂ ಒಂದೇ ಸಲಕ್ಕೆ ಕಲಿತಳು. ಗಾಜಿನ ನಳಿಗೆಯಲ್ಲಿ ನೀಲಿ ದ್ರಾವಣ ಹಾಕಿ, ಮೂತ್ರದ ಎಂಟು ಹನಿ ಬಿಟ್ಟು, ದೀಪದ ಮೇಲೆ ಕುದಿಸಬೇಕು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ, ಹಳದಿಯಾದರೆ ಜಾಸ್ತಿ, ಇಟ್ಟಿಗೆ ಕೆಂಪಾದರೆ ಬಹಳ. ದಿನಾ ಬೆಳಿಗ್ಗೆ ನೋಡಿ ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಡು ಎಂದು ಹೇಳಿದೆ. ಹೊರಡುವಾಗ "ಮೇಡಂ, ಊಟ ಮಾಡ್ಕೊಂಡೇ ಹೋಗ್ಬೇಕು" ಎಂದು ಕೂರಿಸಿದಳು. ಹುರುಳಿಕಾಳಿನ ಬಸ್ಸಾರು, ಮುದ್ದೆ, ಮೇಲೆ ಮಜ್ಜಿಗೆ. ಅಂಥ ಬಸ್ಸಾರನ್ನು ನಾನು ನಮ್ಮಮ್ಮನ ಮನೆಯಲ್ಲೂ ಉಂಡಿರಲಿಲ್ಲ, ಹಾಗೆಂದು ಹೇಳಿದೆ ಕೂಡ. ಆಕೆ ಸೆರಗಿನಲ್ಲಿ ಬಾಯಿ ಒರೆಸಿಕೊಳ್ಳುವ ನೆಪದಲ್ಲಿ ನಕ್ಕಳು.

ನಾಲ್ಕು ಗುರುವಾರ ಎಲ್ಲ ಚೆನ್ನಾಗಿತ್ತು. ಕೆಂಪು ಹಳದಿಗೆ ಇಳಿಯಿತು, ಹಳದಿ ಹಸಿರಿಗೆ ಇಳಿಯಿತು. ಹುಣ್ಣಿನ ಅಂಚು ಒಣಗತೊಡಗಿತು. ಕರಾರು ಕೆಲಸ ಮಾಡುತ್ತಿದೆ ಎಂದು ಬೀಗಿದೆ.

ಐದನೇ ಗುರುವಾರ ಶಾಪಿನಲ್ಲಿ ನಾನು ಕುದಿಸಿದ ನಳಿಗೆ ಇಟ್ಟಿಗೆ ಕೆಂಪಾಯಿತು. ಆರನೆಯದೂ ಹಾಗೆ, ಏಳನೆಯದೂ ಹಾಗೆ. ಹುಣ್ಣು ಮತ್ತೆ ಒಸರತೊಡಗಿತು. ಸಾಹುಕಾರರನ್ನು ಕೇಳಿದೆ: ಬೆಳಿಗ್ಗೆ ಏನು, ಮಧ್ಯಾಹ್ನ ಏನು, ಸಂಜೆ ಏನು, ರಾತ್ರಿ ಏನು? ಎಲ್ಲವೂ ಪಟ್ಟಿಯಲ್ಲಿದ್ದ ಹಾಗೆಯೇ. "ಮಾವಿನಹಣ್ಣು?" ಎಂದೆ. "ಮನೇಲಿ ಹಣ್ಣು ಮುಟ್ಟಿದ್ರೆ ಕೇಳಮ್ಮ" ಎಂದು ಗದರಿದರು.

ಅವರ ಮನೆಗೆ ಹೋದೆ. ಹೋದ ಹೊತ್ತು ಸರಿಯಿರಲಿಲ್ಲ. ಸೊಸೆ ಮಗಳಿಗೆಂದು ರಸಪುರಿ ಹಣ್ಣು ಹಿಂಡಿ ಸೀಕರಣೆ ಮಾಡುತ್ತಿದ್ದಳು, ಬೆಲ್ಲದ ಪುಡಿ ಪಕ್ಕದಲ್ಲೇ ಇತ್ತು. ಅಕ್ಕ ಬಾಗಿಲಿಗೆ ಒರಗಿ ನಿಂತು, "ನೋಡಮ್ಮಾ ನೋಡು. ಮಗೂಗೆ ಅಂತಾಳೆ. ಮುದುಕನ ತಟ್ಟೆಗೂ ಒಂದು ಸೌಟು ಬೀಳದೆ ಇರ್ತದಾ?" ಎಂದರು.

ಸೊಸೆ ಕೈ ತೊಳೆದು ನೋಟ್‌ಬುಕ್ ತಂದಳು. "ದಿನಾ ಬೆಳಿಗ್ಗೆ ಹಸಿರೇ ಮೇಡಂ. ನೋಡಿ."

ನಾನು ತೆರೆದೂ ನೋಡಲಿಲ್ಲ. "ನೀನೇ ಬೇಯಿಸಿ ನೀನೇ ಬರೆದದ್ದನ್ನ ಹೇಗೆ ನಂಬಲಿ? ನನ್ನ ಕಣ್ಣೆದುರಿಗೆ ಮೂರು ವಾರ ಕೆಂಪಾಗಿದೆ" ಎಂದೆ.

ಅವಳು ನೋಟ್‌ಬುಕ್ಕನ್ನು ಹಿಂದಕ್ಕೆ ತೆಗೆದುಕೊಂಡಳು. ನಾನು ಅಲ್ಲೇ ಜಗಲಿಯ ಮೇಲೆ ಕೂತು ಕಾರ್ಬನ್ ಇಟ್ಟು ನೋಟೀಸು ಬರೆದೆ: "ಕರಾರಿನ ಆರನೇ ಕಲಮಿನಂತೆ ಅಡುಗೆಯವರಿಂದ ಲೋಪವಾಗಿರುತ್ತದೆ. ಸರಿಪಡಿಸತಕ್ಕದ್ದು." ಅಕ್ಷರ ಬಾರದ ಅಕ್ಕನಿಗೆ ಅದನ್ನು ಗಟ್ಟಿಯಾಗಿ ಓದಿ ಹೇಳಿದವಳೂ ನಾನೇ.

ಮುಂದಿನ ಗುರುವಾರ ಸಾಹುಕಾರರ ಜೊತೆ ಅಕ್ಕನೂ ಶಾಪಿಗೆ ಬಂದರು. "ಸರಿಪಡಿಸಿದೀವಮ್ಮ. ಅವಳನ್ನ ಬೈರಕೂರಿಗೆ ಕಳಿಸಿಬಿಟ್ವಿ. ಮಗು ಇಲ್ಲೇ ಇದೆ, ಸ್ಕೂಲು ಶುರುವಾಯ್ತಲ್ಲ. ಈಗ ನಾನೇ ಅಡುಗೆ" ಎಂದರು. ಸಾಹುಕಾರರು ನೆಲ ನೋಡುತ್ತಿದ್ದರು. ಅವತ್ತೂ ನಳಿಗೆ ಕೆಂಪಾಯಿತು. ಅಕ್ಕನ ಕೈಯಡುಗೆ ಈಗಷ್ಟೇ ಶುರುವಾಗಿದೆ, ಇಳಿಯಲು ದಿನ ಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ತಾಯಿ ಮಗಳನ್ನು ಬೇರೆ ಮಾಡಿದ ಮಾತು ಕಿವಿಗೆ ಬಿದ್ದಿತ್ತು, ಆದರೂ ಬಿಗಿ ಮಾಡಿದ್ದು ಒಳ್ಳೆಯದೇ ಆಯಿತೆಂದು ಕೋಲಾರದ ಬಸ್ ಹತ್ತಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಅವತ್ತು ನಾಚಿಕೆ ಆಗಲಿಲ್ಲ.

ಸೋಮವಾರ ಬೆಳಿಗ್ಗೆ ಆಕೆ ಕೋಲಾರದ ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದಳು. ಬೈರಕೂರಿನಿಂದ ಎರಡು ಬಸ್ಸು ಬದಲಾಯಿಸಿ ಬಂದಿದ್ದಳು. ಕೂತುಕೋ ಎಂದೆ, ಕೂರಲಿಲ್ಲ. ನೀರು ಕೊಟ್ಟೆ, ಲೋಟ ಮುಟ್ಟಲಿಲ್ಲ.

"ನಾನು ಆ ಕಾಗದಕ್ಕೆ ಸೈನ್ ಹಾಕಿದ್ನಾ?" ಎಂದಳು.

"ಇಲ್ಲ."

"ನನ್ನ ಕೇಳಿದ್ರಾ?"

"ಇಲ್ಲ."

"ಮತ್ತೆ ನನ್ನ ಹೆಸರಲ್ಲಿ ಹೆಂಗೆ ನೋಟೀಸು ಬರೆದ್ರಿ? ನನ್ನ ಮಗಳು ಅಲ್ಲಿದಾಳೆ, ನಾನಿಲ್ಲಿದೀನಿ. ಅವಳ ಜಡೆ ಯಾರು ಹಾಕ್ತಾರೆ, ನೀವು ಬಂದು ಹಾಕ್ತೀರಾ?" ಅವಳು ಕೂಗಲಿಲ್ಲ. ಕೂಗಿದ್ದರೆ ನಾನೂ ಕೂಗುತ್ತಿದ್ದೆ. "ಈಗಾದ್ರೂ ಇದನ್ನ ಓದಿ" ಎಂದು ನೋಟ್‌ಬುಕ್ಕನ್ನು ಮೇಜಿನ ಮೇಲೆ ಎಸೆದಳು.

ಓದಿದೆ. ದಿನಾಂಕ, ಹೊತ್ತು, ಬಣ್ಣ, ತಟ್ಟೆಯಲ್ಲಿ ಬಿಟ್ಟದ್ದೆಷ್ಟು. ಬೆಳಿಗ್ಗೆ ಹಸಿರು, ಹಸಿರು, ಒಂದೆರಡು ದಿನ ನೀಲಿ. ಹಣ್ಣಿನ ಕಾಲ ಶುರುವಾದ ಮೇಲೆ ಬಹುತೇಕ ದಿನ ಒಂದು ಸಾಲು ಹೆಚ್ಚಿಗೆ ಇತ್ತು: "ಮಧ್ಯಾಹ್ನ ಹಸಿವಿಲ್ಲ ಅಂದರು. ಅರ್ಧ ಮುದ್ದೆ ಬಿಟ್ಟರು." ಒಂದು ಕಡೆ ಮಾತ್ರ ಅವಳು ಮಧ್ಯಾಹ್ನವೂ ಪರೀಕ್ಷೆ ಮಾಡಿದ್ದಳು. ಅವತ್ತು ಬೆಳಿಗ್ಗೆಯೂ ಹಸಿರು, ಮಧ್ಯಾಹ್ನವೂ ಹಸಿರು, ಮುದ್ದೆ ಪೂರ್ತಿ ಖಾಲಿ. ಪಕ್ಕದಲ್ಲಿ "ಅಮಾವಾಸ್ಯೆ" ಎಂದಿತ್ತು.

"ಅಮಾವಾಸ್ಯೆ ಆದ್ರೆ ಏನಾಯ್ತು?" ಎಂದೆ.

"ಅಮಾವಾಸ್ಯೆ ದಿನ ಮಂಡಿ ರಜಾ. ಮಾವ ಮನೇಲೇ ಇದ್ರು. ಗುರುವಾರ ನೀವು ನೋಡೋದು ಅವರು ಮಂಡಿಯಿಂದ ಸೀದಾ ಬಂದಾಗ. ಮಂಡೀಲಿ ಏನ್ ನಡೀತದೋ ನನಗೇನ್ ಗೊತ್ತು? ನಾವು ಹೆಂಗಸ್ರು ಅಲ್ಲಿಗೆ ಹೋಗಲ್ಲ. ನೀವು ಹೋಗಬಹುದಾಗಿತ್ತಲ್ಲ, ನಿಮಗೇನಡ್ಡಿ?"

ನನ್ನ ಪಟ್ಟಿಯಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಇತ್ತು. ಮನುಷ್ಯ ದಿನದ ಆರು ತಾಸು ಎಲ್ಲಿ ಏನು ಕೆಲಸ ಮಾಡುತ್ತಾನೆ ಎಂಬ ಪ್ರಶ್ನೆಯೇ ಇರಲಿಲ್ಲ. ಕಲಿತ ವಿದ್ಯೆಯ ಮೇಲೆ, ನನ್ನ ಮೇಲೆ ಅಸಹ್ಯವಾಯಿತು. ಅವಳು ನೋಟ್‌ಬುಕ್ಕನ್ನು ಅಲ್ಲೇ ಬಿಟ್ಟು ಹೋದಳು.

ಗುರುವಾರದ ತನಕ ಕಾಯಲಿಲ್ಲ. ಮರುದಿನ ಬೆಳಿಗ್ಗೆ ಎಂಟಕ್ಕೇ ಮಂಡಿಗೆ ಹೋದೆ. ಒಣಹುಲ್ಲಿನ ಮೇಲೆ ಬಾದಾಮಿ, ರಸಪುರಿ, ತೋತಾಪುರಿ ರಾಶಿ ರಾಶಿ ಬಿದ್ದಿತ್ತು. ಪ್ರತಿ ರಾಶಿಯ ಮುಂದೆ ಬೆಳೆದ ರೈತ ನಿಂತಿದ್ದ. ಸಾಹುಕಾರರು ಕುಂಟುತ್ತ ರಾಶಿಯಿಂದ ರಾಶಿಗೆ ಹೋಗುತ್ತಿದ್ದರು. ಪ್ರತಿಯೊಬ್ಬನೂ ಮರದಲ್ಲೇ ಹಣ್ಣಾದ ಒಂದನ್ನು ಆರಿಸಿ, ಅದರ ಕೆನ್ನೆಯಿಂದ ಒಂದು ಹೋಳು ಕೊಯ್ದು, ಚಾಕುವಿನ ತುದಿಯಲ್ಲೇ ಅವರಿಗೆ ಕೊಡುತ್ತಿದ್ದ. ಅವರು ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ನುಂಗಿ ತಲೆಯಾಡಿಸಿದ ಮೇಲೆಯೇ ದರ ಕೂಗುವುದು ಶುರು. ಕಂಬದ ಪಕ್ಕ ನಿಂತು ಎಣಿಸಿದೆ. ಇಪ್ಪತ್ತೇಳರ ತನಕ ಎಣಿಸಿ ಸಾಕಾಯಿತು.

"ಇದೇನು ಸಾಹುಕಾರ್ರೆ?" ಎಂದೆ.

ಅವರು ಬೆಚ್ಚಿದರು. ಆಮೇಲೆ ಸಿಟ್ಟೇರಿತು. "ಇದು ತಿನ್ನೋದಲ್ಲಮ್ಮ, ಯಾಪಾರ. ರುಚಿ ನೋಡ್ದೆ ಯಾವ ಮುಖದಲ್ಲಿ ದರ ಕಟ್ಲಿ?"

"ನೋಡಿ ಉಗಿಯಿರಿ."

ಸುತ್ತಲಿದ್ದವರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ತಾಯಲೂರಿನ ಕಡೆಯ ಒಬ್ಬ ರೈತ ಚಾಕು ಹಿಡಿದುಕೊಂಡೇ, "ಅಮ್ಮಾ, ಸಾಹುಕಾರ್ರು ನನ್ನ ಹಣ್ಣನ್ನ ಉಗಿದ್ರು ಅಂದ್ರೆ ಈ ರಾಶಿನ ಇನ್ಯಾರು ಮುಟ್ತಾರೆ? ನನ್ನ ಮುಖಕ್ಕೆ ಉಗಿದ ಹಂಗೇ ಅದು" ಎಂದ.

ನನಗೆ ಅದು ಗೊತ್ತಿರಲಿಲ್ಲ. ಸಾಹುಕಾರರನ್ನು ಪಕ್ಕಕ್ಕೆ ಕರೆದೆ. "ಸರಿ, ಇದನ್ನ ಬಾಯಿಬಿಟ್ಟು ಹೇಳಬಹುದಿತ್ತಲ್ಲ. ನಿಮ್ಮ ಸೊಸೆಯನ್ನ ಯಾಕೆ ಓಡಿಸಿದ್ರಿ? ನಾನು ನೋಟೀಸು ವಾಪಸ್ ತಗೋತೀನಿ. ತಪ್ಪು ಅಡುಗೆಮನೆಯದಲ್ಲ ಅಂತ ನೀವೂ ಸಹಿ ಹಾಕಿ."

"ಅಕ್ಕನ ಮುಂದೆ ನಾನು ಸುಳ್ಳ ಆಗ್ಬೇಕಾ? ಸಹಿ ಗಿಹಿ ಇಲ್ಲ. ಸೊಸೆ ಇಸ್ಯ ನಮ್ಮನೆ ಇಸ್ಯ. ನೋಟೀಸು ಬರೆದೋರು ನೀವು, ನಾನಲ್ಲ" ಎಂದು ಬೆನ್ನು ತಿರುಗಿಸಿ ಮುಂದಿನ ರಾಶಿಗೆ ಹೋದರು. ಆ ಮಾತು ನಿಜವಾದ್ದರಿಂದಲೇ ಮೈ ಉರಿಯಿತು.

ಮಂಡಿಯಿಂದ ಅವರ ಮನೆಗೆ ಹತ್ತು ನಿಮಿಷದ ದಾರಿ. ಆ ಹತ್ತು ನಿಮಿಷದಲ್ಲಿ ನಾನು ಎರಡು ದಾರಿ ನೋಡಿದೆ. ಕೈಮುಗಿದು ತಪ್ಪಾಯಿತು ಎಂದು ಅಕ್ಕನಿಗೆ ಹೇಳುವುದು ಒಂದು. ಆಕೆ ನನ್ನ ಬಾಯಿಮಾತನ್ನು ನಂಬುವವರಲ್ಲ, ನಾನು ಓದಿ ಹೇಳಿದ ಕಾಗದವನ್ನು ನಂಬಿದವರು. ಹಾಗಾದರೆ ಕಾಗದದಿಂದಲೇ ಹೋಗಬೇಕು ಎಂದು ಗಟ್ಟಿ ಮಾಡಿಕೊಂಡೆ. ಅದು ಕೆಟ್ಟ ಕಲಮು ಎಂದು ಗೊತ್ತಾದ ಮೇಲೂ ಅದನ್ನು ಇನ್ನೊಂದು ಸಲ ಬಳಸಿದೆ.

ಅಕ್ಕ ಒಲೆಯ ಮುಂದೆ ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತಿದ್ದರು. ಮಗು ಕೆದರಿದ ಜಡೆಯಲ್ಲೇ ಸ್ಕೂಲಿಗೆ ಹೊರಟಿತ್ತು. ನಾನು ಚೀಲದಿಂದ ಕರಾರು ತೆಗೆದು, "ಆರನೇ ಕಲಮಲ್ಲಿ ಸೊಸೆಯ ಹೆಸರು ಹೊಡೆದು ನಿಮ್ಮ ಹೆಸರು ಬರೀಬೇಕು. ಈಗ ಅಡುಗೆಯವರು ನೀವು ತಾನೆ?" ಎಂದೆ.

"ಬರ್ಕೋ."

ಅವರ ಎದುರಿಗೇ ಹೊಡೆದು ಬರೆದೆ. "ಹೋದ ಗುರುವಾರ ನಿಮ್ಮ ಅಡುಗೆಯಲ್ಲೂ ಕೆಂಪಾಯ್ತು. ನಾಡಿದ್ದು ಗುರುವಾರ ಮತ್ತೆ ಕೆಂಪಾದ್ರೆ ನಿಮ್ಮ ಹೆಸರಿಗೆ ನೋಟೀಸು ಬರುತ್ತೆ. ಡಾಕ್ಟರ ಶಾಪಿನಲ್ಲಿ ಎಲ್ಲರ ಮುಂದೆ ಓದ್ತೀನಿ."

ಆಕೆ ಎದ್ದು ನಿಂತರು. "ಏಮ್ಮಾ! ನನ್ನ ಹೆಸ್ರಿಗಾ? ನಾನು ಒಂದು ಕಲ್ಲು ಬೆಲ್ಲ ಆದ್ರೂ ಹಾಕಿದೀನಾ? ಆ ಬಟ್ಲಲ್ಲೇ ಅಳೆದು ಮುದ್ದೆ ಕಟ್ತಿದೀನಿ, ಅದ್ರಲ್ಲೂ ಅರ್ಧ ಬಿಟ್ಟು ಏಳ್ತಾನೆ ಅವನು!"

"ನಿಮ್ಮ ಸೊಸೆಯೂ ಅದನ್ನೇ ಬರೆದಿದ್ದಳು. ನಾನು ನಂಬಲಿಲ್ಲ."

ಅಕ್ಕ ನನ್ನನ್ನೇ ದಿಟ್ಟಿಸಿದರು. ಹೊಗೆಗೋ ಸಿಟ್ಟಿಗೋ ಕಣ್ಣುಗಳು ಕೆಂಪಾಗಿದ್ದವು. "ಅರ್ಧ ಬಿಟ್ಟು ಏಳೋನು ಇನ್ನೆಲ್ಲೋ ತಿಂದು ಬಂದಿರ್ತಾನೆ" ಎಂದು ನಿಧಾನವಾಗಿ ಹೇಳಿದರು.

"ಎಲ್ಲಿ ಅಂತ ನಾನು ಹೇಳಲ್ಲ. ನಾನು ಹೇಳಿದ್ದನ್ನ ನಂಬಿ ಒಂದು ಸಲ ಎಡವಟ್ಟಾಗಿದೆ. ನೀವೇ ಹೋಗಿ ನೋಡಿ" ಎಂದೆ.

ಮಾರನೇ ದಿನ ನಡೆದದ್ದನ್ನು ನಾನು ನೋಡಲಿಲ್ಲ, ಡಾಕ್ಟರ ಕಾಂಪೌಂಡರ್ ಹೇಳಿದ. ಅಕ್ಕ ಕೊಡೆ ಹಿಡಿದುಕೊಂಡು ಮಂಡಿಯೊಳಗೆ ನಡೆದರಂತೆ. ತಮ್ಮನ ಬಾಯಿಯ ಹತ್ತಿರ ಹೋಗಿದ್ದ ಹಣ್ಣಿನ ಹೋಳನ್ನು ಕೊಡೆಯ ತುದಿಯಿಂದ ಹೊಡೆದು ಕೆಡವಿದರಂತೆ. ತೆಲುಗಿನಲ್ಲಿ ಶುರುವಾದ ಬೈಗುಳ ಕನ್ನಡಕ್ಕೆ ಬಂದು ಮತ್ತೆ ತೆಲುಗಿಗೇ ಹೋಯಿತಂತೆ. "ನೀನು ಇಲ್ಲಿ ಮೇಯ್ದು ಬರೋದಕ್ಕೆ ನನ್ನ ಹೆಸ್ರಲ್ಲಿ ಕಾಗದ ಓದಿಸ್ಕೋಬೇಕೇನೋ?" ಎಂಬುದನ್ನು ಮಂಡಿಯವರೆಲ್ಲ ಕೇಳಿದರಂತೆ. ಇಷ್ಟು ಸಾಕಾಯಿತು. ಅಂದಿನಿಂದ ಹೋಳು ಬಾಯಿಗೆ ಹಾಕಿಕೊಂಡು ನುಂಗುವ ಕೆಲಸ ಮಂಡಿಯ ಹಳೇ ಗುಮಾಸ್ತರದು, ಸಾಹುಕಾರರು ತೊಟ್ಟಿನ ವಾಸನೆ ನೋಡಿ ದರ ಕಟ್ಟಬೇಕು ಎಂದು ಅಕ್ಕ ಅಲ್ಲೇ ತೀರ್ಮಾನ ಮಾಡಿದರು. ರೈತರು ಒಂದೆರಡು ವಾರ ಗೊಣಗಿದರು.

ಗುರುವಾರ ಸಾಹುಕಾರರು ಶಾಪಿಗೆ ಬಂದು, ನನ್ನ ಮುಖ ನೋಡದೆ, ನೋಟೀಸು ರದ್ದು ಮಾಡಿದ ಕಾಗದಕ್ಕೆ ಸಹಿ ಹಾಕಿದರು. "ತಪ್ಪು ಅಡುಗೆಯವರದಲ್ಲ. ವಿಚಾರಿಸದೆ ಬರೆದದ್ದು ನನ್ನ ತಪ್ಪು" ಎಂದು ಅದರಲ್ಲಿ ನಾನು ಬರೆದಿದ್ದೆ. ಮಧ್ಯಾಹ್ನದ ನಳಿಗೆ ಹಳದಿಗೆ ಬಂದಿತ್ತು. ಮುಂದೆ ಆ ಹೆಬ್ಬೆರಳಿನ ಉಗುರು ಹೋಯಿತು, ಬೆರಳು ಉಳಿಯಿತು.

ಸೊಸೆಯನ್ನು ಕರೆತರಲು ಅಕ್ಕನೇ ಬೈರಕೂರಿಗೆ ಹೋದರು. ಆಮೇಲಿನ ಗುರುವಾರ ನಾನು ನೋಟ್‌ಬುಕ್ ಮತ್ತು ಹೊಸ ಕರಾರು ತೆಗೆದುಕೊಂಡು ಅವರ ಮನೆಗೆ ಹೋದೆ. ಒಲೆಯ ಮುಂದೆ ಅವಳಿದ್ದಳು, ಮಗು ಎರಡು ಜಡೆ ಹಾಕಿಸಿಕೊಂಡು ಹೊಸ್ತಿಲ ಮೇಲೆ ಕೂತಿತ್ತು.

"ಆರನೇ ಕಲಮನ್ನ ತೆಗೆದುಬಿಟ್ಟಿದೀನಿ" ಎಂದೆ.

ಅವಳು ಹೊಸ್ತಿಲಿನ ಒಳಗೇ ನಿಂತು ಪೂರ್ತಿ ಓದಿದಳು. "ತೆಗೀಬೇಡಿ. ಅಡುಗೆ ಮಾಡೋರು ಒಪ್ಪಿ ಸೈನ್ ಹಾಕಿದ್ರೆ ಮಾತ್ರ ಹೊಣೆ ಅಂತ ಬರೀರಿ. ನೋಟೀಸು ಕೊಡೋಕೆ ಮುಂಚೆ ಅವರು ಬರೆದಿಟ್ಟಿದ್ದನ್ನ ಓದಬೇಕು ಅಂತಾನೂ ಬರೀರಿ."

ಬರೆದೆ. ಅವಳು ಹೇಳಿದ್ದರಲ್ಲಿ ಒಂದು ಅಕ್ಷರ ಬದಲಾಯಿಸಲಿಲ್ಲ. ಮುಂದೆ ನಾಲ್ಕೂ ಊರಿನಲ್ಲಿ ನಾನು ಬರೆಸಿದ ಕರಾರಿನಲ್ಲೆಲ್ಲ ಆರನೇ ಕಲಮು ಅದೇ. ಅವಳು ಕೈ ಒರೆಸಿಕೊಂಡು ಮೂರನೇ ಸಹಿ ಹಾಕಿದಳು, ಒಂದು ಪ್ರತಿಯನ್ನು ಮಡಿಸಿ ಹಿತ್ತಾಳೆ ಬಟ್ಟಲಿನ ಕೆಳಗೆ ಇಟ್ಟಳು.

"ನನ್ನಿಂದ ತಪ್ಪಾಯ್ತು ಕಣಮ್ಮ" ಎಂದೆ.

"ಹೌದು" ಎಂದಳು.

ಮೂರು ವರ್ಷ ಗುರುವಾರ ಗುರುವಾರ ಆ ಮನೆಗೆ ಹೋದೆ. ಹೋದಾಗಲೆಲ್ಲ ನೋಟ್‌ಬುಕ್ ಹೊಸ್ತಿಲ ಆಚೆಯಿಂದ ನನ್ನ ಕೈಗೆ ಬರುತ್ತಿತ್ತು, ಓದಿ ಸಹಿ ಮಾಡಿ ಕೊಡುತ್ತಿದ್ದೆ. ಒಳಗಿನಿಂದ ಬಸ್ಸಾರಿನ ಒಗ್ಗರಣೆಯ ವಾಸನೆ ಜಗಲಿಯ ತನಕ ಬರುತ್ತಿತ್ತು. ಊಟ ಮಾಡ್ಕೊಂಡು ಹೋಗಿ ಎಂದು ಅವಳು ಮತ್ತೆ ಒಂದು ದಿನವೂ ಹೇಳಲಿಲ್ಲ.